‘ಗೋ’ ಕ್ರಿಯಾಪದದ ಭವಿಷ್ಯತ್ ರೂಪಗಳು: ಕಟ್ಟುವ ಕ್ರಮ, ಎಡವುವ ಜಾಗ

ಶಿಡ್ಲಘಟ್ಟವಾಗಲಿ ಬಾಗೇಪಲ್ಲಿಯಾಗಲಿ, ಹೈಸ್ಕೂಲು ಮಕ್ಕಳನ್ನು ಕೇಳಿದರೆ ‘ಗೋ, ವೆಂಟ್, ಗಾನ್’ ಎಂದು ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ಅದೇ ಮಕ್ಕಳಿಗೆ ‘ನಾಳೆ ಅಜ್ಜಿ ಊರಿಗೆ ಹೋಗ್ತೀನಿ’ ಅನ್ನುವುದನ್ನು ಇಂಗ್ಲಿಷಿನಲ್ಲಿ ಬರೆಯಿರಿ ಎಂದರೆ ‘ಐ ವಿಲ್ ವೆಂಟ್’, ‘ಐ ವಿಲ್ ಗೋಯಿಂಗ್’, ‘ಐ ಆಮ್ ಗೋ’ ಎಂದೆಲ್ಲ ಬರುತ್ತದೆ. ಇದು ಮಕ್ಕಳ ದಡ್ಡತನವಲ್ಲ. ಪಟ್ಟಿ ಬಾಯಿಪಾಠ ಮಾಡಿಸುವಾಗ ಯಾವ ರೂಪ ಎಲ್ಲಿ ಕೂರುತ್ತದೆ ಎಂದು ಯಾರೂ ತೋರಿಸಿರುವುದಿಲ್ಲ.

ಅನಿಯತ ಕ್ರಿಯಾಪದಗಳು, ಅಂದರೆ ಭೂತರೂಪಕ್ಕೆ ‘ಇಡಿ’ ಸೇರಿಸಿದರೆ ಸಾಲದೆ ಪದವೇ ಬದಲಾಗುವಂಥವು, ಅತಿ ಕಡಿಮೆ ಕಾಟ ಕೊಡುವ ಜಾಗವೇ ಭವಿಷ್ಯತ್ತು. ಅಲ್ಲಿ ವಾಕ್ಯ ಕಟ್ಟುವ ನಾಲ್ಕು ಅಚ್ಚುಗಳಲ್ಲಿ ಮೂರಕ್ಕೆ ಆ ಅನಿಯತ ಪಟ್ಟಿಯೇ ಬೇಕಾಗಿಲ್ಲ. ಕನ್ನಡ ಮಾತಾಡುವವರಿಗಂತೂ ಅರ್ಧ ಕೆಲಸ ಆಗಲೇ ಮುಗಿದಿದೆ. ಅದು ಹೇಗೆ ಎಂದು ಒಂದೊಂದಾಗಿ ನೋಡೋಣ. ಇಲ್ಲಿ ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಓದುವಾಗ ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಂಡು ಪ್ರತಿ ವಾಕ್ಯವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳಿ, ಸ್ಪೆಲಿಂಗ್ ಕೈಗೆ ಕೂರುವುದು ಹಾಗೆಯೇ.

ಮೊದಲು ಒಂದು ರೂಪವನ್ನು ಹೊಡೆದುಹಾಕಿ

ಹಾಳೆಯ ಮೇಲೆ ನಾಲ್ಕು ರೂಪಗಳನ್ನು ಸಾಲಾಗಿ ಬರೆಯಿರಿ: ಗೋ, ವೆಂಟ್, ಗಾನ್, ಗೋಯಿಂಗ್. ತರಗತಿಯ ಮಾತಿನಲ್ಲಿ ಹೇಳುವುದಾದರೆ ವಿ-ಒನ್, ವಿ-ಟೂ, ವಿ-ತ್ರೀ, ಮತ್ತು ಐಎನ್‌ಜಿ ರೂಪ. ಈಗ ‘ವೆಂಟ್’ ಮೇಲೆ ಗೀಟು ಎಳೆಯಿರಿ. ನಾಳೆಯ ಮಾತು ಹೇಳುವ ಕ್ರಿಯಾಪದದಲ್ಲಿ ವಿ-ಟೂ ಬರುವ ಜಾಗ ಒಂದೂ ಇಲ್ಲ. ‘ವಿಲ್’ ಜೊತೆಗಾಗಲಿ, ‘ಹ್ಯಾವ್’ ಜೊತೆಗಾಗಲಿ, ‘ಬಿ’ ಜೊತೆಗಾಗಲಿ ಅದು ನಿಲ್ಲುವುದಿಲ್ಲ. ‘ವೆಂಟ್’ ಎಂಬುದು ಹುಟ್ಟಿನಿಂದಲೂ ‘ಗೋ’ ಮನೆಯದಲ್ಲ. ‘ಸೆಂಡ್’ ಎಂಬುದು ‘ಸೆಂಟ್’ ಆಗುವಂತೆ ‘ವೆಂಡ್’ ಎಂಬ ಬೇರೆ ಕ್ರಿಯಾಪದದ ಭೂತರೂಪವಾಗಿದ್ದದ್ದು ‘ಗೋ’ ಪಕ್ಕಕ್ಕೆ ಬಂದು ಸೇರಿಕೊಂಡಿತು. ಅದಕ್ಕೇ ಎರಡಕ್ಕೂ ಮುಖಚಹರೆ ಹೊಂದುವುದಿಲ್ಲ.

ಉಳಿದ ಮೂರರಲ್ಲಿ ‘ಗೋ’ ಮತ್ತು ‘ಗೋಯಿಂಗ್’ ಪೂರ್ತಿ ನಿಯತ. ನೆನಪಿಡಬೇಕಾದ ಅನಿಯತ ರೂಪ ‘ಗಾನ್’ ಒಂದೇ.

ಕನ್ನಡದ ವಾಕ್ಯದ ಕೊನೆ ನೋಡಿ

‘ಕೊಡು’ ಎಂಬ ನಮ್ಮ ಧಾತುವನ್ನೇ ತೆಗೆದುಕೊಳ್ಳಿ. ಭೂತದಲ್ಲಿ ಅದು ‘ಕೊಡಿದ’ ಆಗುವುದಿಲ್ಲ, ‘ಕೊಟ್ಟ’ ಆಗುತ್ತದೆ. ‘ತರು’ ಹೋಗಿ ‘ತಂದ’, ‘ಬೀಳು’ ಹೋಗಿ ‘ಬಿದ್ದ’. ಆದರೆ ಮುಂದಿನ ಮಾತು ಆಡುವಾಗ ಕೊಡ್ತಾನೆ, ತರ್ತಾನೆ, ಬೀಳ್ತಾನೆ. ಎಲ್ಲವೂ ಸರಾಗ. ಕೊಡ್ತಾ ಇರ್ತಾನೆ, ತರ್ತಾ ಇರ್ತಾನೆ, ಇಲ್ಲೂ ತೊಂದರೆಯಿಲ್ಲ. ಒಂದೇ ಒಂದು ಕಡೆ ಬದಲಾದ ರೂಪ ಮತ್ತೆ ತಲೆ ಎತ್ತುತ್ತದೆ: ಕೊಟ್ಟಿರ್ತಾನೆ, ತಂದಿರ್ತಾನೆ, ಬಿದ್ದಿರ್ತಾನೆ.

ಇಂಗ್ಲಿಷಿನಲ್ಲೂ ಕಟ್ಟು ಹೀಗೆಯೇ ಇದೆ. ಕೊಡ್ತಾನೆ ಅಂದರೆ ‘ವಿಲ್ ಗಿವ್’. ಕೊಡ್ತಾ ಇರ್ತಾನೆ ಅಂದರೆ ‘ವಿಲ್ ಬಿ ಗಿವಿಂಗ್’. ಕೊಟ್ಟಿರ್ತಾನೆ ಅಂದರೆ ‘ವಿಲ್ ಹ್ಯಾವ್ ಗಿವನ್’. ಅನಿಯತ ರೂಪ ಬರುವುದು ನಮ್ಮಲ್ಲಿ ಬರುವ ಜಾಗದಲ್ಲೇ. ಹಾಗಾಗಿ ಇಂಗ್ಲಿಷ್ ವಾಕ್ಯ ಕಟ್ಟುವ ಮುಂಚೆ ಕನ್ನಡದಲ್ಲಿ ಆಡಿ, ಕೊನೆಯ ಪದ ಯಾವ ಅಚ್ಚಿನದು ಎಂದು ನೋಡಿ. ಹೋಗ್ತಾಳೆಯೋ, ಹೋಗ್ತಾ ಇರ್ತಾಳೆಯೋ, ಹೋಗಿರ್ತಾಳೆಯೋ ಎಂದು ತಿಳಿದರೆ ಮುಂದಿನದು ತುಂಬಿಸುವ ಕೆಲಸ ಮಾತ್ರ.

ಒಂದು ಎಚ್ಚರಿಕೆ ಬೇಕು. ‘ಹೋಗ್ತೀನಿ’ ನಾಳೆಗೂ ಬರುತ್ತದೆ, ದಿನನಿತ್ಯಕ್ಕೂ ಬರುತ್ತದೆ. ‘ದಿನಾ ಕಾಲೇಜಿಗೆ ಹೋಗ್ತೀನಿ’, ‘ನಾಳೆ ಕಾಲೇಜಿಗೆ ಹೋಗ್ತೀನಿ’, ಎರಡರಲ್ಲೂ ಕ್ರಿಯಾಪದ ಒಂದೇ. ವ್ಯಾಕರಣದ ಪುಸ್ತಕದಲ್ಲಿ ಭವಿಷ್ಯತ್ತಿಗೆ ‘ಹೋಗುವೆನು’ ಎಂದಿದ್ದರೂ ಬಾಯಲ್ಲಿ ಆಡುವವರು ಕಡಿಮೆ. ಬಾಗೇಪಲ್ಲಿ, ಚಿಂತಾಮಣಿ ಕಡೆ ಮನೆಯಲ್ಲಿ ತೆಲುಗು ಆಡುವವರಿಗೂ ಇದೇ ಕಥೆ: ‘ವೆಳ್ತಾನು’ ಎಂಬುದು ದಿನಾ ಹೋಗುವುದಕ್ಕೂ ಸೈ, ನಾಳೆ ಹೋಗುವುದಕ್ಕೂ ಸೈ. ಇಂಗ್ಲಿಷ್ ಈ ಎರಡನ್ನೂ ಬೇರೆ ಮಾಡುತ್ತದೆ. ಆದ್ದರಿಂದ ವಾಕ್ಯದಲ್ಲಿ ‘ದಿನಾ’ ಹಾಕಿ ನೋಡಿ, ಅರ್ಥ ಕೂಡಿದರೆ ‘ಐ ಗೋ’. ‘ನಾಳೆ’ ಹಾಕಿದಾಗ ಮಾತ್ರ ಕೂಡಿದರೆ ‘ಐ ವಿಲ್ ಗೋ’.

ನಾಲ್ಕು ಅಚ್ಚುಗಳು

ಮೊದಲನೆಯದು ಸರಳ ಭವಿಷ್ಯತ್ತು: ವಿಲ್ ಮತ್ತು ವಿ-ಒನ್. ‘ಶೀ ವಿಲ್ ಗೋ ಟು ಚಿಂತಾಮಣಿ.’ ಕರ್ತೃ ಯಾರೇ ಆಗಲಿ ‘ವಿಲ್’ ಬದಲಾಗುವುದಿಲ್ಲ, ಅದರ ಮುಂದಿನ ‘ಗೋ’ ಕೂಡ ಬದಲಾಗುವುದಿಲ್ಲ. ‘ಹೀ ಗೋಸ್’ ಎಂದು ಕಲಿತ ಕೈ ‘ಹೀ ವಿಲ್ ಗೋಸ್’ ಎಂದು ಬರೆಯಲು ಹೊರಡುತ್ತದೆ. ‘ವಿಲ್’ ಬಂದ ಮೇಲೆ ಆ ಎಸ್ ಬಿದ್ದುಹೋಗುತ್ತದೆ. ‘ವಿಲ್ ಟು ಗೋ’ ಎಂದು ನಡುವೆ ‘ಟು’ ತುರುಕುವುದೂ ತಪ್ಪು. ‘ಐ, ವಿ’ ಎಂಬುವಕ್ಕೆ ‘ಶಲ್’ ಹಾಕಬೇಕೆಂದು ಹಳೆಯ ವ್ಯಾಕರಣಗಳು ಹೇಳುತ್ತವೆ. ಇವತ್ತಿನ ಬಳಕೆಯಲ್ಲಿ ಅಲ್ಲೂ ‘ವಿಲ್’ ನಡೆಯುತ್ತದೆ. ‘ಹೋಗೋಣವಾ?’ ಎಂದು ಕೇಳುವ ‘ಶಲ್ ವಿ ಗೋ?’ ಎಂಬಲ್ಲಿ ಮಾತ್ರ ‘ಶಲ್’ ಗಟ್ಟಿಯಾಗಿ ಉಳಿದಿದೆ.

ಎರಡನೆಯದು, ಆ ಹೊತ್ತಿನಲ್ಲಿ ನಡೆಯುತ್ತಾ ಇರುವ ಕೆಲಸ: ವಿಲ್, ಬಿ, ಐಎನ್‌ಜಿ ರೂಪ. ‘ನಾಳೆ ಈ ಹೊತ್ತಲ್ಲಿ ನಂದಿ ಬೆಟ್ಟದ ದಾರೀಲಿ ಹೋಗ್ತಾ ಇರ್ತೀವಿ’ ಎಂಬುದಕ್ಕೆ ‘ದಿಸ್ ಟೈಮ್ ಟುಮಾರೋ, ವಿ ವಿಲ್ ಬಿ ಗೋಯಿಂಗ್ ಅಪ್ ನಂದಿ ಹಿಲ್ಸ್’. ನಡುವಿನ ‘ಬಿ’ ನಮ್ಮ ‘ಇರು’. ಅದನ್ನು ಬಿಟ್ಟರೆ ‘ವಿಲ್ ಗೋಯಿಂಗ್’ ಎಂದಾಗುತ್ತದೆ. ಅದು ‘ಹೋಗ್ತಾ ಇರ್ತೀವಿ’ ಎನ್ನುವಲ್ಲಿ ‘ಇರ್ತೀವಿ’ ನುಂಗಿ ‘ಹೋಗ್ತಾ’ ಎಂದಷ್ಟೇ ಹೇಳಿ ನಿಲ್ಲಿಸಿದ ಹಾಗೆ.

ಮೂರನೆಯದು, ಆ ಹೊತ್ತಿನೊಳಗೆ ಮುಗಿದಿರುವ ಕೆಲಸ: ವಿಲ್, ಹ್ಯಾವ್, ವಿ-ತ್ರೀ. ‘ನಾವು ಬಸ್ ಸ್ಟ್ಯಾಂಡ್ ಮುಟ್ಟೋ ಹೊತ್ತಿಗೆ ಬಸ್ ಹೋಗಿರುತ್ತೆ’ ಎಂಬುದಕ್ಕೆ ‘ಬೈ ದ ಟೈಮ್ ವಿ ರೀಚ್ ದ ಬಸ್ ಸ್ಟ್ಯಾಂಡ್, ದ ಬಸ್ ವಿಲ್ ಹ್ಯಾವ್ ಗಾನ್’. ಪಟ್ಟಿಯ ಮೂರನೇ ಪದ ಕೆಲಸಕ್ಕೆ ಬರುವ ಜಾಗ ಇದು. ಕರ್ತೃ ‘ಹೀ, ಶೀ, ಇಟ್’ ಆದರೂ ‘ಹ್ಯಾವ್’ ಎಂಬುದೇ ಸರಿ, ‘ವಿಲ್ ಹ್ಯಾಸ್’ ಎಂಬುದಿಲ್ಲ. ‘ವಿಲ್ ಗಾನ್’ ಎಂದು ಹ್ಯಾವ್ ಬಿಡುವುದು, ‘ವಿಲ್ ಹ್ಯಾವ್ ವೆಂಟ್’ ಎಂದು ಹೊಡೆದುಹಾಕಿದ ರೂಪವನ್ನು ಮತ್ತೆ ಎಳೆದು ತರುವುದು, ಇವೆರಡೂ ಉತ್ತರಪತ್ರಿಕೆಗಳಲ್ಲಿ ಕಾಣುವ ಖಾಯಂ ತಪ್ಪುಗಳು.

‘ಗೋ’ ವಿಷಯದಲ್ಲಿ ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ‘ಹೀ ವಿಲ್ ಹ್ಯಾವ್ ಗಾನ್ ಟು ಬೆಂಗಳೂರು’ ಎಂದರೆ ಹೋಗಿರ್ತಾನೆ, ಇನ್ನೂ ಬಂದಿರಲ್ಲ. ಹೋಗಿ ಬಂದೂ ಆಗಿರುತ್ತದೆ ಎನ್ನಲು ‘ಹೀ ವಿಲ್ ಹ್ಯಾವ್ ಬೀನ್ ಟು ಬೆಂಗಳೂರು’ ಎನ್ನಬೇಕು. ಹಾಗೆಯೇ ಕನ್ನಡದ ‘ಹೋಗಿರ್ತಾನೆ ಬಿಡಿ’ ಎಂಬ ಅಂದಾಜಿನ ಮಾತು ಇಂಗ್ಲಿಷಿನಲ್ಲೂ ಈ ಅಚ್ಚಿನಲ್ಲೇ ಕೂರುತ್ತದೆ: ‘ಹೀ ವಿಲ್ ಹ್ಯಾವ್ ಗಾನ್ ಬೈ ನೌ.’

ನಾಲ್ಕನೆಯದು ವಿಲ್, ಹ್ಯಾವ್, ಬೀನ್, ಐಎನ್‌ಜಿ ರೂಪ. ‘ಮಾರ್ಚಿಗೆ ಅವಳು ಆ ಕಾಲೇಜಿಗೆ ಹೋಗೋಕೆ ಶುರುಮಾಡಿ ಎರಡು ವರ್ಷ ಆಗಿರುತ್ತೆ’ ಎಂಬುದಕ್ಕೆ ‘ಬೈ ಮಾರ್ಚ್, ಶೀ ವಿಲ್ ಹ್ಯಾವ್ ಬೀನ್ ಗೋಯಿಂಗ್ ಟು ದಟ್ ಕಾಲೇಜ್ ಫಾರ್ ಟೂ ಇಯರ್ಸ್’. ‘ಇಷ್ಟು ಕಾಲದಿಂದ’ ಎಂಬ ಅಳತೆ ವಾಕ್ಯದಲ್ಲಿ ಇದ್ದರೆ ಮಾತ್ರ ಇದನ್ನು ಮುಟ್ಟಿ. ಮಾತಿನಲ್ಲಿ ಇದರ ಬಳಕೆ ಕಡಿಮೆ.

ಚಂದ್ರಿಕೆಯ ಮುಂದೆ ನಿಂತು ನೋಡಿದರೆ

ಕಾಲದ ವ್ಯತ್ಯಾಸ ಕಣ್ಣಿಗೆ ಕಾಣಬೇಕಾದರೆ ಶಿಡ್ಲಘಟ್ಟದ ಸುತ್ತಿನ ಯಾವುದಾದರೂ ರೇಷ್ಮೆ ಹುಳು ಸಾಕುವ ಮನೆಗೆ ಬನ್ನಿ. ನಾಲ್ಕು ಜ್ವರ, ಅಂದರೆ ಪೊರೆ ಕಳಚುವ ಹಂತ, ಮುಗಿಸಿ ಹಣ್ಣಾದ (ಗೂಡು ಕಟ್ಟಲು ಸಿದ್ಧವಾದ) ಹುಳುಗಳನ್ನು ಸೋಮವಾರ ಬೆಳಿಗ್ಗೆ ಚಂದ್ರಿಕೆಗೆ, ಅಂದರೆ ಗೂಡು ಕಟ್ಟಿಸುವ ತಟ್ಟೆಗೆ, ಬಿಟ್ಟಿದ್ದಾರೆ ಅಂದುಕೊಳ್ಳಿ. ಗೂಡು ಕಟ್ಟಿ ಮುಗಿಸಲು ಎರಡು ಮೂರು ದಿನ ಬೇಕು. ಗೂಡು ಬಿಡಿಸುವುದು ಸಾಮಾನ್ಯವಾಗಿ ಐದಾರನೇ ದಿನ. ನೂಲು ಸುತ್ತುವ ಈ ಕೆಲಸಕ್ಕೆ ಇಂಗ್ಲಿಷಿನಲ್ಲಿ ‘ಸ್ಪಿನ್’, ಅದೂ ಅನಿಯತವೇ: ಸ್ಪಿನ್, ಸ್ಪನ್, ಸ್ಪನ್.

ಹುಳು ಬಿಡುವ ಮುಂಚೆ ಹೇಳುವ ಮಾತು: ‘ದೇ ವಿಲ್ ಸ್ಪಿನ್ ದೇರ್ ಕಕೂನ್ಸ್ ಹಿಯರ್.’ ಮಂಗಳವಾರ ಸಂಜೆ ಬಂದರೆ ಏನು ಕಾಣುತ್ತದೆ? ‘ಆನ್ ಟ್ಯೂಸ್ಡೇ ಈವನಿಂಗ್ ದೇ ವಿಲ್ ಬಿ ಸ್ಪಿನ್ನಿಂಗ್.’ ತಲೆ ಅತ್ತಿತ್ತ ಆಡುತ್ತಾ ಇರುತ್ತದೆ, ತೆಳುವಾದ ಬಲೆಯ ಒಳಗೆ ಹುಳು ಇನ್ನೂ ಕಾಣುತ್ತಿರುತ್ತದೆ. ಶುಕ್ರವಾರ ಬಂದರೆ? ‘ಬೈ ಫ್ರೈಡೇ ದೇ ವಿಲ್ ಹ್ಯಾವ್ ಸ್ಪನ್ ದೇರ್ ಕಕೂನ್ಸ್.’ ಹುಳು ಕಣ್ಣಿಗೆ ಬೀಳುವುದಿಲ್ಲ, ಗೂಡು ಗಟ್ಟಿಯಾಗಿದೆ. ಬಿಡಿಸಿದ ಮೇಲೆ ಮಾರುಕಟ್ಟೆ: ‘ದ ಕಕೂನ್ಸ್ ವಿಲ್ ಗೋ ಟು ದ ಮಾರ್ಕೆಟ್ ಆನ್ ಸಂಡೇ.’ ಇಲ್ಲಿ ‘ಆನ್ ಟ್ಯೂಸ್ಡೇ’ ಮತ್ತು ‘ಬೈ ಫ್ರೈಡೇ’ ಎಂಬ ಎರಡು ಸಣ್ಣ ಪದಗಳೇ ಅಚ್ಚನ್ನು ಆರಿಸಿಬಿಡುತ್ತವೆ. ‘ಬೈ’ ಎಂದರೆ ಅಷ್ಟರೊಳಗೆ, ಹಾಗಾಗಿ ಕೆಲಸ ಮುಗಿದಿರಬೇಕು.

ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೂರುವವರು ಇದನ್ನು ಗಮನಿಸಬೇಕು. ಬಿಟ್ಟ ಜಾಗ ತುಂಬಿಸಿ ಎಂಬಲ್ಲಿ ‘ದಿಸ್ ಟೈಮ್ ಟುಮಾರೋ’ ಇದ್ದರೆ ‘ವಿಲ್ ಬಿ ಗೋಯಿಂಗ್’, ‘ಬೈ ದಿಸ್ ಟೈಮ್ ಟುಮಾರೋ’ ಇದ್ದರೆ ‘ವಿಲ್ ಹ್ಯಾವ್ ಗಾನ್’. ಒಂದೇ ಒಂದು ‘ಬೈ’ ಉತ್ತರ ತಿರುಗಿಸುತ್ತದೆ. ‘ಬೈ’ ಮತ್ತು ‘ಟಿಲ್’ ಕೂಡ ಬೆರೆಸಬೇಡಿ: ‘ಎಂಟರೊಳಗೆ’ ಎಂದರೆ ‘ಬೈ ಎಯ್ಟ್’, ‘ಎಂಟರವರೆಗೆ’ ಎಂದರೆ ‘ಟಿಲ್ ಎಯ್ಟ್’.

ಬಂದಾಗ, ಬಂದ ಮೇಲೆ, ಬಂದರೆ

ಕನ್ನಡದ ಬುದ್ಧಿ ಕೈಕೊಡುವ ಜಾಗ ಇದು, ಇಲ್ಲಿ ನಿಧಾನವಾಗಿ ನೋಡಬೇಕು. ‘ಅವನು ಬಂದ ಮೇಲೆ ಹೋಗ್ತೀನಿ’, ‘ಮಳೆ ಬಂದರೆ ಹೋಗಲ್ಲ’, ಈ ವಾಕ್ಯಗಳಲ್ಲಿ ‘ಬಂದ’ ಎಂಬುದು ನೋಡಲು ಭೂತರೂಪದಂತಿದೆ. ಅದನ್ನು ನಂಬಿದವರು ‘ಆಫ್ಟರ್ ಹೀ ಕೇಮ್, ಐ ವಿಲ್ ಗೋ’ ಎಂದು ಬರೆಯುತ್ತಾರೆ. ಇನ್ನು ಕೆಲವರು, ಬರುವುದು ಇನ್ನೂ ಮುಂದಿದೆ ಎಂದು ಯೋಚಿಸಿ ‘ಆಫ್ಟರ್ ಹೀ ವಿಲ್ ಕಮ್’ ಎಂದು ಬರೆಯುತ್ತಾರೆ. ಎರಡೂ ಸರಿಯಲ್ಲ. ಇಂಗ್ಲಿಷಿನಲ್ಲಿ ವೆನ್, ಆಫ್ಟರ್, ಬಿಫೋರ್, ಅಂಟಿಲ್, ಆ್ಯಸ್ ಸೂನ್ ಆ್ಯಸ್, ಬೈ ದ ಟೈಮ್, ಇಫ್, ಅನ್‌ಲೆಸ್ ಇವುಗಳಿಂದ ಶುರುವಾಗುವ ಕಾಲದ ಅಥವಾ ಷರತ್ತಿನ ತುಂಡಿನಲ್ಲಿ ವರ್ತಮಾನ ಬರುತ್ತದೆ. ‘ವಿಲ್’ ಇನ್ನೊಂದು ತುಂಡಿಗೆ ಮಾತ್ರ. ‘ಆಫ್ಟರ್ ಹೀ ಕಮ್ಸ್, ಐ ವಿಲ್ ಗೋ.’ ‘ಇಫ್ ಇಟ್ ರೇನ್ಸ್, ವಿ ವಿಲ್ ನಾಟ್ ಗೋ.’ ತುಂಡುಗಳ ಕ್ರಮ ತಿರುಗಿಸಿದರೂ ನಿಯಮ ಅದೇ.

ಆದರೆ ‘ವೆನ್’ ಎಂಬುದು ನಿಜವಾಗಿ ಯಾವಾಗ ಎಂದು ಕೇಳುವ ಪ್ರಶ್ನೆಯಾದರೆ ‘ವಿಲ್’ ಬರಲೇಬೇಕು: ‘ವೆನ್ ವಿಲ್ ಯು ಗೋ?’ ಪ್ರಶ್ನೆಯಲ್ಲಿ ‘ವಿಲ್’ ಕರ್ತೃವಿನ ಮುಂದಕ್ಕೆ ಜಿಗಿಯುತ್ತದೆ, ಉಳಿದದ್ದು ಇದ್ದಲ್ಲೇ ಇರುತ್ತದೆ: ‘ವಿಲ್ ದೇ ಹ್ಯಾವ್ ಗಾನ್?’

ಹೋಗಲ್ಲ, ಹೋಗಬೇಕಾಗುತ್ತೆ, ಹೋಗಿ ಬರ್ತೀನಿ

ನಿಷೇಧಕ್ಕೆ ‘ವಿಲ್’ ಆದ ತಕ್ಷಣ ‘ನಾಟ್’: ವಿಲ್ ನಾಟ್ ಗೋ, ವಿಲ್ ನಾಟ್ ಬಿ ಗೋಯಿಂಗ್, ವಿಲ್ ನಾಟ್ ಹ್ಯಾವ್ ಗಾನ್. ಮಾತಿನಲ್ಲಿ ಇದು ‘ವೋಂಟ್’ ಆಗುತ್ತದೆ. ಉಚ್ಚಾರಣೆಯಲ್ಲಿ ಹುಷಾರು: ಓ ಸ್ವರ ಉದ್ದವಾಗಿ, ತುಟಿ ಗುಂಡಾಗಿ ಇರಬೇಕು. ಅದನ್ನು ‘ವಾಂಟ್’ ಎಂದುಬಿಟ್ಟರೆ ಹೋಗಲ್ಲ ಎಂದವರು ಹೋಗಬೇಕು ಎಂದ ಹಾಗೆ ಕೇಳಿಸುತ್ತದೆ. ಕನ್ನಡದ ‘ಹೋಗಲ್ಲ’ ಕೂಡ ಎರಡು ಕೆಲಸ ಮಾಡುತ್ತದೆ. ಯಾವತ್ತೂ ಹೋಗುವ ಅಭ್ಯಾಸವಿಲ್ಲ ಎಂದರೆ ‘ಡೋಂಟ್ ಗೋ’, ನಾಳೆ ಹೋಗುವುದಿಲ್ಲ ಎಂದರೆ ‘ವೋಂಟ್ ಗೋ’.

‘ಹೋಗಬೇಕಾಗುತ್ತೆ’ ಎಂಬುದಕ್ಕೆ ‘ವಿಲ್ ಹ್ಯಾವ್ ಟು ಗೋ’. ಇಲ್ಲಿ ‘ಹ್ಯಾವ್’ ಕಂಡು ‘ಗಾನ್’ ಹಾಕಬೇಡಿ, ನಡುವೆ ‘ಟು’ ಇದೆ, ಅದರ ಮುಂದೆ ಯಾವಾಗಲೂ ವಿ-ಒನ್. ‘ಹೋಗೋಕಾಗುತ್ತೆ’ ಎಂಬುದಕ್ಕೆ ‘ವಿಲ್ ಬಿ ಏಬಲ್ ಟು ಗೋ’. ‘ವಿಲ್ ಕ್ಯಾನ್ ಗೋ’ ಎಂದು ಎರಡು ಸಹಾಯಕಗಳನ್ನು ಒಟ್ಟಿಗೆ ನಿಲ್ಲಿಸಲು ಬರುವುದಿಲ್ಲ. ‘ಹೋದಾನು’ ಎಂಬ ಸಂಶಯದ ರೂಪಕ್ಕೆ ‘ವಿಲ್’ ಬೇಡ, ‘ಮೇ ಗೋ’ ಸಾಕು.

‘ಮನೆಗೆ’ ಎಂಬ ‘ಗೆ’ ಪ್ರತ್ಯಯವನ್ನು ಕಂಡು ‘ಗೋ ಟು ಹೋಮ್’ ಎನ್ನುವವರು ಬಹಳ. ಊರಿನ ಹೆಸರಿಗೆ ‘ಟು’ ಬೇಕು, ಆದರೆ ‘ಹೋಮ್’, ‘ದೇರ್’, ‘ಹಿಯರ್’ ಇವಕ್ಕೆ ಬೇಡ: ‘ಐ ವಿಲ್ ಗೋ ಹೋಮ್.’ ‘ತಗೊಂಡು ಹೋಗ್ತೀನಿ’ ಎಂಬಲ್ಲಿ ಎರಡು ಕ್ರಿಯೆ ಕಂಡರೂ ಇಂಗ್ಲಿಷಿಗೆ ‘ಟೇಕ್’ ಒಂದೇ ಸಾಕು, ‘ಟೇಕ್ ಅಂಡ್ ಗೋ’ ಬೇಡ. ಹೊಸಿಲು ದಾಟುವಾಗ ನಾವು ಹೇಳುವ ‘ಹೋಗಿ ಬರ್ತೀನಿ’ ಬಹಳ ಒಳ್ಳೆಯ ಮಾತು. ಅದನ್ನು ‘ಐ ವಿಲ್ ಗೋ ಅಂಡ್ ಕಮ್’ ಎಂದರೆ ನಮ್ಮ ಕಡೆಯವರಿಗೆ ಅರ್ಥವಾಗುತ್ತದೆ, ಹೊರಗಿನವರು ಮಾತ್ರ ತಬ್ಬಿಬ್ಬಾಗುತ್ತಾರೆ. ಬೇಗ ವಾಪಸ್ ಬರುವುದಾದರೆ ‘ಐ ವಿಲ್ ಬಿ ಬ್ಯಾಕ್ ಸೂನ್’ ಎನ್ನಿ.

‘ವಿಲ್’ ಇಲ್ಲದ ಭವಿಷ್ಯತ್ತು

‘ಗೋಯಿಂಗ್ ಟು’ ಎಂಬ ಇನ್ನೊಂದು ದಾರಿ ಇದೆ: ಆಮ್, ಈಸ್, ಆರ್ ಇವುಗಳಲ್ಲಿ ಒಂದು, ಆಮೇಲೆ ‘ಗೋಯಿಂಗ್ ಟು’, ಆಮೇಲೆ ವಿ-ಒನ್. ‘ಗೋ’ಗೆ ಇದನ್ನು ಹಾಕಿದರೆ ‘ಐ ಆಮ್ ಗೋಯಿಂಗ್ ಟು ಗೋ’ ಎಂದಾಗುತ್ತದೆ. ಕೇಳಲು ಒಂದೇ ಪದ ಎರಡು ಸಲ ಬಂದಂತಿದ್ದರೂ ವ್ಯಾಕರಣದಲ್ಲಿ ಪೂರ್ತಿ ಸರಿ. ಆದರೂ ಇಂಗ್ಲಿಷ್ ಆಡುವವರು ಅದನ್ನು ಚಿಕ್ಕದು ಮಾಡಿ ‘ಐ ಆಮ್ ಗೋಯಿಂಗ್ ಟು ಗೌರಿಬಿದನೂರು ಟುಮಾರೋ’ ಎಂದು ಮುಗಿಸುವುದೇ ಹೆಚ್ಚು. ‘ಗೊನ್ನ’ ಎಂಬುದು ಬಾಯಿಮಾತು, ಪರೀಕ್ಷೆಯ ಹಾಳೆಗೆ ಬೇಡ.

ಯಾವಾಗ ಯಾವುದು? ಮನೆಯಲ್ಲಿ ಎಲ್ಲರೂ ಕೂತಿದ್ದಾರೆ, ಬಸ್ ಸ್ಟ್ಯಾಂಡಿಗೆ ಮಾವ ಬಂದಿಳಿದಿದ್ದಾರೆ ಎಂದು ಫೋನ್ ಬಂತು. ‘ನಾನು ಹೋಗ್ತೀನಿ ಬಿಡಿ’ ಎಂದು ಆ ಗಳಿಗೆಯಲ್ಲಿ ಹೊರಟವರ ಮಾತು ‘ಐ ವಿಲ್ ಗೋ’. ‘ಮುಂದಿನ ವಾರ ಹೋಗಬೇಕು ಅಂತಿದ್ದೀನಿ’ ಎಂಬ ಮೊದಲೇ ಮಾಡಿಕೊಂಡ ನಿರ್ಧಾರ ‘ಐ ಆಮ್ ಗೋಯಿಂಗ್ ಟು ಗೋ’. ಟಿಕೆಟ್ ತೆಗೆದಾಗಿದೆ, ಎಲ್ಲ ಗೊತ್ತಾಗಿದೆ, ‘ನಾಳೆ ಹೋಗ್ತಾ ಇದ್ದೀನಿ’ ಎಂದರೆ ‘ಐ ಆಮ್ ಗೋಯಿಂಗ್ ಟುಮಾರೋ’. ಇದರ ‘ಇದ್ದೀನಿ’ಯನ್ನು ಮೇಲೆ ಹೇಳಿದ ‘ಇರ್ತೀನಿ’ಯೊಂದಿಗೆ ಬೆರೆಸದಿದ್ದರೆ ತಪ್ಪುವುದಿಲ್ಲ. ಮೋಡ ಕವಿದಿರುವುದನ್ನು ನೋಡಿ ‘ಮಳೆ ಬರೋ ಹಾಗಿದೆ’ ಎನ್ನಲು ‘ಇಟ್ ಈಸ್ ಗೋಯಿಂಗ್ ಟು ರೇನ್’. ವೇಳಾಪಟ್ಟಿಯ ಬಸ್ಸು ರೈಲಿಗೆ ಸರಳ ವರ್ತಮಾನವೇ ಸಾಕು: ‘ದ ಫಸ್ಟ್ ಬಸ್ ಗೋಸ್ ಅಟ್ ಸಿಕ್ಸ್ ಟುಮಾರೋ.’

ಬೇರೆ ಕ್ರಿಯಾಪದಗಳಿಗೆ ಇದೇ ಅಚ್ಚು

ವಿ-ತ್ರೀ ಒಂದನ್ನು ಬದಲಾಯಿಸಿದರೆ ಸಾಕು. ಕಮ್‌ನ ವಿ-ತ್ರೀ ಮತ್ತೆ ಕಮ್, ಆದ್ದರಿಂದ ‘ವಿಲ್ ಹ್ಯಾವ್ ಕಮ್’, ‘ವಿಲ್ ಹ್ಯಾವ್ ಕೇಮ್’ ಅಲ್ಲ. ಟೇಕ್‌ಗೆ ಟೇಕನ್, ಸೀಗೆ ಸೀನ್, ಈಟ್‌ಗೆ ಈಟನ್, ಬ್ರಿಂಗ್‌ಗೆ ಬ್ರಾಟ್, ಬೈ ಅಂದರೆ ಕೊಳ್ಳು ಎಂಬುದಕ್ಕೆ ಬಾಟ್. ಪುಟ್, ಕಟ್ ಇವು ಬದಲಾಗುವುದೇ ಇಲ್ಲ. ಐಎನ್‌ಜಿ ಸೇರಿಸುವಾಗ ಸ್ಪೆಲಿಂಗ್ ನೋಡಿಕೊಳ್ಳಿ: ಟೇಕ್, ಕಮ್, ಗಿವ್ ಇವುಗಳ ಕೊನೆಯ ಇ ಬಿದ್ದುಹೋಗುತ್ತದೆ, ಪುಟ್, ಕಟ್ ಇವುಗಳ ಟಿ ಎರಡಾಗುತ್ತದೆ. ರೈಟಿಂಗ್‌ನಲ್ಲಿ ಟಿ ಒಂದೇ, ರಿಟನ್‌ನಲ್ಲಿ ಎರಡು. ಮತ್ತೊಂದು: ‘ವಿಲ್ ಬಿ’ ಆದ ಮೇಲೆ ‘ಗಿವಿಂಗ್’ ಬಂದರೆ ಕೊಡುತ್ತಿರುತ್ತಾನೆ, ‘ಗಿವನ್’ ಬಂದರೆ ಅವನಿಗೆ ಕೊಡಲಾಗುತ್ತದೆ. ಪದದ ಕೊನೆಯಲ್ಲಾಗುವ ಒಂದು ಎಡವಟ್ಟಿಗೆ ಕೊಡುವವನು ತೆಗೆದುಕೊಳ್ಳುವವನಾಗಿಬಿಡುತ್ತಾನೆ.

ಕೈ ಪಳಗಲು ಈ ವಾಕ್ಯಗಳನ್ನು ಬರೆದು ನೋಡಿ, ಉತ್ತರ ಮುಚ್ಚಿಕೊಂಡು. ‘ನಾನು ಬರುವಷ್ಟರಲ್ಲಿ ಹಾಲಿನ ವ್ಯಾನ್ ಹೋಗಿರುತ್ತೆ’: ಬೈ ದ ಟೈಮ್ ಐ ಕಮ್, ದ ಮಿಲ್ಕ್ ವ್ಯಾನ್ ವಿಲ್ ಹ್ಯಾವ್ ಗಾನ್. ‘ಮಳೆ ನಿಲ್ಲದಿದ್ದರೆ ಬೆಟ್ಟಕ್ಕೆ ಹೋಗಲ್ಲ’: ಅನ್‌ಲೆಸ್ ದ ರೇನ್ ಸ್ಟಾಪ್ಸ್, ವಿ ವೋಂಟ್ ಗೋ ಟು ದ ಹಿಲ್ಸ್. ‘ಅಪ್ಪ ಮನೆಗೆ ಬಂದ ಮೇಲೆ ಟೊಮೆಟೊ ಬಾಕ್ಸ್‌ಗಳನ್ನ ಚಿಂತಾಮಣಿ ಮಾರ್ಕೆಟ್ಟಿಗೆ ತಗೊಂಡು ಹೋಗ್ತಾರೆ’: ಆಫ್ಟರ್ ಫಾದರ್ ಕಮ್ಸ್ ಹೋಮ್, ಹೀ ವಿಲ್ ಟೇಕ್ ದ ಟೊಮೆಟೊ ಬಾಕ್ಸಸ್ ಟು ದ ಚಿಂತಾಮಣಿ ಮಾರ್ಕೆಟ್. ಮೂರನೆಯದರಲ್ಲಿ ‘ಕೇಮ್’, ‘ಟು ಹೋಮ್’, ‘ಟೇಕ್ ಅಂಡ್ ಗೋ’ ಎಂಬ ಮೂರು ಬಲೆಗಳಿವೆ. ಅದು ಒಂದೇ ಸಲಕ್ಕೆ ಸರಿ ಬಂದರೆ ಮನೆಯಲ್ಲಿ ಆಡುವ ಹತ್ತು ಮಾತು ಆರಿಸಿ ಇದೇ ರೀತಿ ಬರೆಯಿರಿ, ಪ್ರತಿಯೊಂದರಲ್ಲೂ ಕನ್ನಡದ ಕೊನೆಯ ಪದಕ್ಕೆ ಅಡಿಗೆರೆ ಹಾಕಿ.